ಗಾಜಿನ ಮೇಲಣ ಮಬ್ಬು

ಮಳೆಗಾಲ ಬಂದಿತೆಂದರೆ ಕಲ್ಯಾಣದವರಿಗೆ ಮಾಳಶೇಜ ಘಾಟಿಯ ನೆನಪಾಗದೆ ಇರದು. ಕಳೆದ ವರ್ಷದ ಶ್ರಾವಣದಲ್ಲಿ ಒಂದು ಭಾನುವಾರ ನಾವೂ ಸೋದರಮಾವನವರ ಕಾರಿನಲ್ಲಿ ಮುರಬಾಡದ ಮಾರ್ಗವಾಗಿ ಅಲ್ಲಿಗೆ ಹೊರಟೆವು. ಮಾವನವರು, ಅತ್ತೆಯವರು, ಅಜ್ಜಿ ಮತ್ತು ನಾವಿಬ್ಬರು ಮಕ್ಕಳು, ಒಟ್ಟು ಐದು ಮಂದಿ. ಘಾಟಿಯಲ್ಲಿ ಜಲಧಾರೆಗಳು ಬಂಡೆಗಳ ಮೇಲಿಂದ ರಸ್ತೆಯ ಅಂಚಿಗೇ ಧುಮುಕುತ್ತಿದ್ದುವು. ಅವನ್ನು ಕಂಡೂ ಸುಮ್ಮನಿರಲು ನಾವೇನು ಋಷಿಗಳೇ? ಅಜ್ಜಿಯೊಬ್ಬರ ಹೊರತು ಎಲ್ಲರೂ ತೊಯ್ದು ತೊಪ್ಪೆಯಾಗಿ, ನಡುಗುತ್ತ ಕಾರಿನೊಳಗೆ ಸೇರಿಕೊಂಡೆವು.

ಚಳಿಯೆಂದು ಅತ್ತೆಯವರು ಎ.ಸಿ.ಯನ್ನು ನಿಲ್ಲಿಸಿದರು. ಮಳೆ ಒಳಗೆ ಬಡಿಯದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದೆವು. ಹೊರಗಿನ ಗಾಳಿಯನ್ನು ತಡೆದು ಒಳಗಿನದನ್ನೇ ಸುತ್ತಿಸುವ ಗುಂಡಿಯನ್ನು ಬೆಳಿಗ್ಗೆ ಲಾರಿಗಳ ಹೊಗೆಗೆ ಬೇಸತ್ತು ಒತ್ತಿದ್ದೆವು. ಅದನ್ನು ಮರಳಿ ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಇಳಿಜಾರಿನಲ್ಲಿ ಎರಡು ತಿರುವುಗಳನ್ನು ದಾಟುವಷ್ಟರಲ್ಲಿ ಮುಂದಿನ ಗಾಜಿನ ಮೇಲೆ ಬಿಳಿಯ ಪೊರೆಯೊಂದು ಕವಿಯತೊಡಗಿತು. ಘಾಟಿಯ ಮಂಜೆಂದು ಬಗೆದ ಮಾವನವರು ವೈಪರನ್ನು ಇನ್ನಷ್ಟು ವೇಗವಾಗಿ ಓಡಿಸಿದರು. ಪೊರೆ ಕದಲಲಿಲ್ಲ. ಕರವಸ್ತ್ರದಿಂದ ಒರೆಸಿದರೆ ನೀರು ಗೆರೆಗೆರೆಯಾಗಿ ಹರಡಿ, ಎದುರು ಬರುತ್ತಿದ್ದ ಲಾರಿಯ ಎರಡು ದೀಪಗಳು ಇಪ್ಪತ್ತಾಗಿ ಕಂಡುವು. ರಸ್ತೆ ಎಲ್ಲಿ, ಅಂಚು ಎಲ್ಲಿ ಎಂಬುದೇ ತಿಳಿಯದಾಯಿತು.

"ನಿಲ್ಲಿಸೋ ಮಗನೇ, ಕಟ್ಟೆ!" ಎಂದು ಅಜ್ಜಿ ಚೀರಿದರು.

ಪಕ್ಕದ ಕಿಟಕಿಯಿಂದ ಅವರಿಗೆ ಮಾತ್ರ ಅದು ಕಂಡಿತ್ತು. ಕಾರು ನಿಂತಾಗ ನಮಗೂ ರಸ್ತೆಯಂಚಿನ ಕಟ್ಟೆಗೂ ನಡುವೆ ಒಂದು ಮೊಳದ ಅಂತರವಿದ್ದಿತು. ಕಟ್ಟೆಯ ಆಚೆಗೆ ಏನಿತ್ತೆಂಬುದನ್ನು ಇಣಿಕಿ ನೋಡುವ ಧೈರ್ಯ ನಮಗಾಗಲಿಲ್ಲ.

ಗಾಜನ್ನು ಒರೆಸುತ್ತ, ಕಿಟಕಿ ತೆರೆದು, ನಡೆಯುವವನ ವೇಗದಲ್ಲಿ ಘಾಟಿಯನ್ನು ಇಳಿದೆವು. ಕೆಳಗಿನ ಚಹದಂಗಡಿಯಲ್ಲಿ ವೃದ್ಧ ಲಾರಿ ಚಾಲಕರೊಬ್ಬರು ನಮ್ಮ ಕಥೆಯನ್ನು ಕೇಳಿ, "ಎ.ಸಿ. ಹಚ್ಚಿರಿ, ಹೊರಗಿನ ಗಾಳಿ ಬರಲಿ, ಅದನ್ನು ಗಾಜಿಗೆ ತಿರುಗಿಸಿರಿ" ಎಂದು ಮರಾಠಿಯಲ್ಲಿ ಹೇಳಿದರು. "ಈ ಚಳಿಯಲ್ಲಿ ಎ.ಸಿ.ಯೇ!" ಎಂದು ಅತ್ತೆಯವರು ಸಿಡುಕಿದರು. ಬಿಸಿಯ ಗುಂಡಿಯನ್ನೂ ಜೊತೆಗೆ ತಿರುಗಿಸಬಹುದೆಂದು ಆತನೇ ತೋರಿಸಿಕೊಟ್ಟನು. ಚಹ ಆರುವುದರೊಳಗೆ ಗಾಜು ತಿಳಿಯಾಯಿತು.

ಇದರಲ್ಲಿ ಮಾಯೆಯೇನೂ ಇಲ್ಲ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿಯು ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲುದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಗಾಳಿ ತಣಿದಾಗ ಹೊರಲಾರದ ಪಾಲು ತಣ್ಣನೆಯ ವಸ್ತುವಿನ ಮೇಲೆ ಹನಿಯಾಗುತ್ತದೆ. ಇಬ್ಬನಿಯೂ ಹೀಗೆಯೇ ಹುಟ್ಟುವುದೆಂದು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು 1814ರಲ್ಲಿ ಒಂದು ಗ್ರಂಥವನ್ನೇ ಬರೆದು ವಿವರಿಸಿದನು. ನಮ್ಮ ಉಸಿರು ಮತ್ತು ಒದ್ದೆ ಬಟ್ಟೆಗಳ ಆವಿಯು ಮಳೆಯಿಂದ ತಣಿದ ಗಾಜಿನ ಒಳಮೈಗೆ ತಗಲಿ ಹನಿಯಾಗಿತ್ತು. ಎ.ಸಿ.ಯೊಳಗಿನ ತಣ್ಣನೆಯ ಕೊಳವೆಗಳ ಮೇಲೆ ಗಾಳಿಯ ನೀರು ಮೊದಲೇ ಇಳಿದುಹೋಗುವುದರಿಂದ ಹೊರಬರುವ ಗಾಳಿ ಒಣಗಿರುತ್ತದೆ. ನಿಂತ ಕಾರಿನಡಿಯಲ್ಲಿ ತೊಟ್ಟಿಕ್ಕುವ ನೀರನ್ನು ನೀವೂ ಕಂಡಿರಬಹುದು, ಸಹಪಾಠಿಗಳೇ, ಅದು ಇದೇ.

ಇಷ್ಟಕ್ಕೆ ಮುಗಿದಿದ್ದರೆ ಮಾವನವರು ಪಂಡಿತರೆನಿಸಿಕೊಳ್ಳುತ್ತಿದ್ದರು! ಉಲ್ಹಾಸ ನದಿಯ ಸೇತುವೆಯನ್ನು ಸಮೀಪಿಸುವಾಗ ಮಳೆ ನಿಂತು ಸೆಕೆಯಾಯಿತು. ಅವರು ಎ.ಸಿ.ಯನ್ನು ಅತ್ಯಂತ ತಂಪಿಗೆ ತಿರುಗಿಸಿದರು. ಗಾಳಿ ಗಾಜಿನ ಮೇಲೆಯೇ ಬೀಸುತ್ತಿತ್ತು. ಮತ್ತೆ ಮಬ್ಬು! "ಇನ್ನಷ್ಟು ಬೇಕು" ಎಂದು ಗಾಳಿಯನ್ನು ಹೆಚ್ಚಿಸಿದಷ್ಟೂ ಮಬ್ಬು ದಟ್ಟವಾಯಿತು. ಈ ಸಲ ಬೇಗನೆ ಕಾರನ್ನು ಬದಿಗೆ ನಿಲ್ಲಿಸಿದರು. ಕರವಸ್ತ್ರದಿಂದ ಒರೆಸಿದರೆ ಅದು ಒಣಗಿಯೇ ಇತ್ತು. ಅಜ್ಜಿ ಕೈಚಾಚಿ ಗಾಜನ್ನು ಮುಟ್ಟಿ, "ತಣ್ಣೀರು ತುಂಬಿದ ತಂಬಿಗೆಯ ಹಾಗಿದೆ. ಬೆವರು ಹೊರಗಿದೆಯಪ್ಪ" ಎಂದರು. ನಿಜವೇ. ಒಳಗಿನ ತಂಪಿಗೆ ಗಾಜು ತಣಿದು, ಹೊರಗಿನ ತೇವದ ಗಾಳಿ ಅದರ ಹೊರಮೈಯಲ್ಲಿ ಹನಿಗೂಡಿತ್ತು. ವೈಪರು ಒಮ್ಮೆ ಆಡಿತು, ರಸ್ತೆ ಕಂಡಿತು. ತಂಪನ್ನು ತಗ್ಗಿಸಿ ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿದ ಮೇಲೆ ಮಬ್ಬು ಮರಳಿ ಬರಲಿಲ್ಲ.

ಅಂದಿನಿಂದ ಮಳೆಗಾಲದ ಪ್ರಯಾಣಗಳಲ್ಲಿ ಅತ್ತೆಯವರು ಮುಂದಿನ ಆಸನವನ್ನು ಅಜ್ಜಿಗೆ ಬಿಟ್ಟುಕೊಟ್ಟಿದ್ದಾರೆ. ಮಬ್ಬು ತೋರಿದೊಡನೆ ಅಜ್ಜಿ ಗಾಜಿನ ಮೇಲೆ ಬೆರಳೆಳೆದು, "ಒಳಗಿನದು" ಎಂದೋ "ಹೊರಗಿನದು" ಎಂದೋ ನುಡಿಯುತ್ತಾರೆ. ಮಾವನವರು ಆ ಬಳಿಕವೇ ಗುಂಡಿಗೆ ಕೈಯಿಡುತ್ತಾರೆ.