ನಾಲವಾರದಿಂದ ಸಿಲ್ಲಾ ಸೀಮೆಗೆ

ಕೊರಿಯಾ ದೇಶದ ಹೆಸರನ್ನು ಇಂದಿನ ಎಳೆಯರು ಮೋಟಾರುಗಳಿಂದಲೂ ಮೊಬೈಲುಗಳಿಂದಲೂ ಅರಿತಿರುವರಾದರೂ, ಪತ್ರಿಕೆ ಓದುತ್ತಿದ್ದ ನಮ್ಮ ಹಿರಿಯರಿಗೆ ಅದು ಪರಿಚಿತವಾದುದು ಬೇರೊಂದು ಸಂದರ್ಭದಿಂದ. ೧೯೫೩ರಲ್ಲಿ, ಮೂರು ವರ್ಷಗಳ ಘೋರಯುದ್ಧವು ಕದನವಿರಾಮದಲ್ಲಿ ನಿಂತ ಬಳಿಕ, ಸ್ವದೇಶಕ್ಕೆ ಮರಳಲೊಲ್ಲದ ಸಾವಿರಾರು ಯುದ್ಧಕೈದಿಗಳ ಗತಿಯನ್ನು ನಿರ್ಣಯಿಸಲು ಏರ್ಪಟ್ಟ ತಟಸ್ಥರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು, ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು. ಭಾರತದ ಸೈನಿಕರು ತನ್ನ ನೆಲವನ್ನು ಮೆಟ್ಟಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದುದರಿಂದ, ಹಡಗಿನಲ್ಲಿ ಇಂಚನ್ ಬಂದರನ್ನು ಸೇರಿದ ನಮ್ಮವರನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ, ಎರಡು ಕೊರಿಯಾಗಳ ನಡುವಿನ ನಿಸ್ಸೇನ ವಲಯಕ್ಕೆ ಒಯ್ಯಬೇಕಾಯಿತು. ಅದೇ ಇಂಚನ್ನಿನ ವಿಮಾನ ನಿಲ್ದಾಣದಲ್ಲಿ, ಕಾರ್ತಿಕದ ಒಂದು ಶೀತಲ ಮುಂಜಾವಿನಲ್ಲಿ, ತರುಣ ಅಧಿಕಾರಿಯೊಬ್ಬನು ನನ್ನ ಪಾಸ್‌ಪೋರ್ಟನ್ನು ನೋಡಿ, ಎರಡೂ ಕೈಗಳಿಂದ ಹಿಂದಿರುಗಿಸಿ, ತಲೆಬಾಗಿ ಬೀಳ್ಕೊಟ್ಟನು.

ನಾನು ನಾಲವಾರದವನು. ವಾಡಿ ಜಂಕ್ಷನ್ನಿನಿಂದ ರಾಯಚೂರಿನ ಕಡೆಗೆ ಇಳಿಯುವ ರೈಲುಮಾರ್ಗದ ಮೇಲಿದ್ದು, ಕೋರಿಸಿದ್ಧೇಶ್ವರ ಮಠದ ಜಾತ್ರೆಯಿಂದ ಹೊರಗಿನವರಿಗೆ ಅಷ್ಟಿಷ್ಟು ತಿಳಿದ ಊರು ಅದು. ಶಹಾಬಾದದ ಫರಸಿ ಕಲ್ಲು, ವಾಡಿಯ ಸಿಮೆಂಟು, ಸೇಡಂ ಚಿಂಚೋಳಿಗಳ ತೊಗರಿ, ಎಲ್ಲೆಲ್ಲಿಯೂ ಬಿಸಿಲು, ಇವೇ ನಮ್ಮ ಸೀಮೆಯ ಸಂಪತ್ತು. ಪರದೇಶವನ್ನು ಅಳೆಯುವುದಕ್ಕೆ ಪ್ರವಾಸಿಯು ಒಯ್ಯುವ ಗಜಕಡ್ಡಿ ತನ್ನ ಊರಿನದೇ ಆಗಿರುವುದು ಅನಿವಾರ್ಯವಷ್ಟೆ. ನಾನೂ ಕಲ್ಲು ಸುಣ್ಣಗಳ ನಾಡಿನವನ ಕಣ್ಣಿನಿಂದಲೇ ಆ ದೇಶವನ್ನು ನೋಡಿದೆನು.

ಸೋಲ್ ನಗರದ ನಡುವೆ, ೧೩೯೫ರಲ್ಲಿ ಜೊಸನ್ ವಂಶದವರು ಕಟ್ಟಿಸಿದ ಗ್ಯೊಂಗ್‌ಬೊಕ್ ಅರಮನೆಯಿದೆ. ಕಟ್ಟಿಸಿದರೆಂದು ಒಂದೇ ಸಲ ಹೇಳಿದರೆ ಸಾಲದು. ೧೫೯೨ರ ಜಪಾನೀ ದಂಡಯಾತ್ರೆಯ ಕಾಲಕ್ಕೆ ಅದು ಸುಟ್ಟು ಬೂದಿಯಾಗಿ, ಎರಡೂವರೆ ಶತಮಾನಕ್ಕೂ ಮಿಕ್ಕು ಹಾಳುಬಿದ್ದಿದ್ದು, ೧೮೬೭ರಲ್ಲಿ ಮರಳಿ ಎದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ವಸಾಹತು ಸರಕಾರವು ಬಹುಪಾಲು ಮಂದಿರಗಳನ್ನು ಕೆಡವಿ, ಅರಮನೆಗೆ ಅಡ್ಡಲಾಗಿ ತನ್ನ ಕಚೇರಿಯನ್ನು ನಿಲ್ಲಿಸಿತು. ಸ್ವತಂತ್ರ ಕೊರಿಯಾ ಆ ಕಚೇರಿಯನ್ನು ೧೯೯೫ರಲ್ಲಿ ಕೆಡವತೊಡಗಿ, ಹಳೆಯ ನಕ್ಷೆಗಳನ್ನು ಶೋಧಿಸಿ, ಒಂದೊಂದೇ ಮಂದಿರವನ್ನು ಪುನಃ ಎಬ್ಬಿಸುತ್ತಿದೆ. ಸಾಂಪ್ರದಾಯಿಕ ಉಡುಪನ್ನು ಧರಿಸಿ ಬಂದವರಿಗೆ ಪ್ರವೇಶಶುಲ್ಕವಿಲ್ಲ. ಆದುದರಿಂದ ಬಾಡಿಗೆಯ ರೇಷ್ಮೆ ಲಂಗಗಳನ್ನುಟ್ಟ ತರುಣಿಯರು ಅಂಗಳದ ತುಂಬ ಸುಳಿದಾಡುತ್ತಿದ್ದರು. ಇದನ್ನು ವೇಷಧಾರಣೆಯೆಂದು ಹಗುರವಾಗಿ ಕಾಣುವವರುಂಟು. ನಾಡ ಉಡುಪನ್ನು ಎಲ್ಲಿ ಉಡಬೇಕು, ಹೇಗೆ ಕಟ್ಟಬೇಕು ಎಂಬುದನ್ನು ಮರೆತ ಪೀಳಿಗೆಗೆ ಈ ವ್ಯಾಜವಾದರೂ ಒದಗಿತಲ್ಲಾ ಎಂದು ನನಗನ್ನಿಸಿತು.

ಅರಮನೆಯ ಮುಂದಣ ಚೌಕದಲ್ಲಿ ಪುಸ್ತಕವನ್ನು ಹಿಡಿದು ಕುಳಿತಿರುವ ಸೆಜೊಂಗ್ ಮಹಾರಾಜನ ಹಿರಿಯ ಪ್ರತಿಮೆಯಿದೆ. ೧೪೧೮ರಿಂದ ೧೪೫೦ರವರೆಗೆ ಆಳಿದ ಈ ಅರಸನು, ಚೀನೀ ಲಿಪಿಯ ಸಹಸ್ರಾರು ಚಿಹ್ನೆಗಳನ್ನು ಕಲಿಯಲಾರದ ಒಕ್ಕಲಿನವರೂ ಹೆಂಗಸರೂ ತಮ್ಮ ಅಹವಾಲನ್ನು ಬರೆದು ತಿಳಿಸಲಾರದೆ ತೊಳಲುವುದನ್ನು ಕಂಡು, ೧೪೪೩ರಲ್ಲಿ ೨೮ ಅಕ್ಷರಗಳ ನೂತನ ಲಿಪಿಯೊಂದನ್ನು ರಚಿಸಿ, ೧೪೪೬ರಲ್ಲಿ ಪ್ರಕಟಪಡಿಸಿದನು. ಚೀನೀ ವಿದ್ಯೆಯನ್ನು ಬಿಟ್ಟರೆ ನಾಡು ಅನಾಗರಿಕವಾಗುವುದೆಂದು ಚೋಯ್ ಮಲ್ಲಿ ಎಂಬ ಆಸ್ಥಾನ ಪಂಡಿತನೇ ಮುಂದಾಗಿ ಪ್ರತಿಭಟಿಸಿದನಾದರೂ ಅರಸನು ಜಗ್ಗಲಿಲ್ಲ. ಇಂದು ಬಳಕೆಯಲ್ಲಿ ಉಳಿದಿರುವ ಮೂಲಾಕ್ಷರಗಳು ೨೪.

ಈ ಲಿಪಿಯ ರಚನಾಕ್ರಮವನ್ನು ವಸ್ತುಸಂಗ್ರಹಾಲಯದ ಚಿತ್ರಪಟಗಳಲ್ಲಿ ನೋಡುತ್ತ ನಿಂತಾಗ, ಬಾಲ್ಯದಲ್ಲಿ ಗಿಳಿಪಾಠದಂತೆ ಒಪ್ಪಿಸಿದ್ದ ಕಂಠ್ಯ, ತಾಲವ್ಯ, ದಂತ್ಯ, ಓಷ್ಠ್ಯಗಳೆಂಬ ವರ್ಗೀಕರಣವು ಕಣ್ಣೆದುರು ರೂಪವೆತ್ತಿ ಬಂದಂತಾಯಿತು. ಕಕಾರವನ್ನು ಸೂಚಿಸುವ ಗೆರೆಯು ಮೇಲೆದ್ದ ನಾಲಗೆಯ ಬುಡ; ನಕಾರವು ಹಲ್ಲಿನ ಹಿಂದೆ ತಾಗಿದ ನಾಲಗೆಯ ತುದಿ; ಮಕಾರವು ಮುಚ್ಚಿದ ಬಾಯಿ; ಕಂಠಧ್ವನಿಗೆ ಕೊರಳಿನ ವೃತ್ತ. ಸ್ವರಗಳಾದರೋ ಆಕಾಶದ ಬಿಂದು, ಭೂಮಿಯ ಅಡ್ಡಗೆರೆ, ನಿಂತ ಮನುಷ್ಯನ ನೇರಗೆರೆ, ಈ ಮೂರರ ಸಂಯೋಗದಿಂದ ಹುಟ್ಟಿದವು. ನಮ್ಮ ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಕವಿರಾಜಮಾರ್ಗವು ಹುಟ್ಟಿ, ಓದುಬರಹವಿಲ್ಲದ ಜನರ ನುಡಿಬಲ್ಮೆಯನ್ನು ಮನಸಾರೆ ಮೆಚ್ಚಿಕೊಂಡಿತ್ತು. ಅಲ್ಲಿ ಅರಸನು ಜನರ ನುಡಿಗೆ ಶಾಸ್ತ್ರವನ್ನು ಕೊಟ್ಟನು. ಇಲ್ಲಿ ಅರಸನು ಜನರ ನುಡಿಗೆ ಅಕ್ಷರವನ್ನೇ ಕೊಟ್ಟನು. ಆದರೆ ಸೆಜೊಂಗನ ಲಿಪಿಗೆ ರಾಷ್ಟ್ರೀಯ ಹಬ್ಬದ ದಿನವೊಂದು ಮೀಸಲಾಗಿದೆ. ಮಳಖೇಡದ ಕೋಟೆಯೊಳಗೆ ಕವಿರಾಜಮಾರ್ಗವನ್ನು ನೆನೆಯುವವರು ಎಷ್ಟು ಮಂದಿ ಎಂಬುದನ್ನು ವಾಚಕರೇ ಬಲ್ಲರು.

ರಾಜಧಾನಿಯಿಂದ ದಕ್ಷಿಣಕ್ಕೆ ಜೊಂಜು ಎಂಬ ಪಟ್ಟಣದಲ್ಲಿ, ಹೆಂಚಿನ ಹಳೆಯ ಮನೆಗಳ ಕೇರಿಯೊಂದರಲ್ಲಿ ಇಳಿದುಕೊಂಡೆನು. ಸೋಲಿನಲ್ಲಿ ಹಿಂದಿಯನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಯೊಬ್ಬನು ಜೊತೆಗಿದ್ದನು. ಅವನ ಶುದ್ಧ ಹಿಂದಿಯೂ, ಕಲಬುರಗಿಯ ಬಜಾರಿನಲ್ಲಿ ನಾನು ಕಲಿತ ದಖನಿ ಮಿಶ್ರಿತ ಹಿಂದಿಯೂ ಹೇಗೋ ಹೊಂದಿಕೊಂಡವು. ಮನೆಯೊಡತಿ ಮೊದಲು ಕೇಳಿದುದು ನನ್ನ ವಯಸ್ಸನ್ನು. ಇದು ಅಲ್ಲಿ ಅವಿನಯವಲ್ಲ. ಹಿರಿಯರಾರು ಕಿರಿಯರಾರು ಎಂಬುದು ನಿಶ್ಚಯವಾಗದೆ ಕ್ರಿಯಾಪದವನ್ನು ಯಾವ ಗೌರವದಲ್ಲಿ ಮುಗಿಸಬೇಕೆಂಬುದು ತಿಳಿಯುವಂತಿಲ್ಲ. ಆಕೆ ನನಗಿಂತ ಹಿರಿಯಳೆಂದು ತಿಳಿದ ಮೇಲೆ ನಾನು ಬಾಗಿ ನಮಸ್ಕರಿಸಿದೆನು. ಆಕೆ ನಕ್ಕು, ಕೋಣೆಯಲ್ಲಿ ಅತ್ಯಂತ ಬೆಚ್ಚಗಿದ್ದ ಮೂಲೆಯನ್ನು ತೋರಿಸಿ, ಕೂಡಬೇಕೆಂದು ಸನ್ನೆ ಮಾಡಿದಳು.

ಆ ಬೆಚ್ಚನೆಯ ನೆಲದ ವಿಚಾರವನ್ನು ವಿಸ್ತಾರವಾಗಿ ಹೇಳಬೇಕು. ಓಂಡೊಲ್ ಎಂದು ಕರೆಯಲಾಗುವ ಈ ವ್ಯವಸ್ಥೆಯಲ್ಲಿ, ಅಡಿಗೆಯ ಒಲೆಯ ಶಾಖವೂ ಹೊಗೆಯೂ ನೆಲದಡಿಯ ಕಿರಿದಾದ ಓಣಿಗಳಲ್ಲಿ ಹಾದು, ಮನೆಯ ಆಚೆಬದಿಯ ಹೊಗೆಗೂಡಿನಿಂದ ಹೊರಬೀಳುವುವು. ಆ ಓಣಿಗಳ ಮೇಲೆ ತೆಳುವಾದ ಕಲ್ಲಿನ ಚಪ್ಪಡಿಗಳನ್ನು ಹಾಸಿ, ಮಣ್ಣಿನಿಂದ ಮೆತ್ತಿ, ಎಣ್ಣೆಯಿಕ್ಕಿದ ಕಾಗದವನ್ನು ಅಂಟಿಸಿರುವರು. ಕಲ್ಲು ನಿಧಾನವಾಗಿ ಕಾದು, ನಿಧಾನವಾಗಿ ಆರುತ್ತದೆ. ಸಂಜೆಯ ಒಲೆಯ ಬಿಸಿ ಬೆಳಗಿನವರೆಗೂ ಉಳಿಯುತ್ತದೆ. ವೈಶಾಖದ ಉರಿಯಲ್ಲಿ ಫರಸಿಯ ಮೇಲೆ ನೀರು ಚಿಮುಕಿಸಿ, ಬರಿಮೈಯಲ್ಲಿ ಮಲಗಿ ತಂಪನ್ನು ಪಡೆಯುವ ಸೀಮೆಯಲ್ಲಿ ಬೆಳೆದ ನನಗೆ, ಅದೇ ಚಪ್ಪಡಿಯ ಸ್ವಭಾವವನ್ನು ಅರಿತು ಇವರು ಶೀತವನ್ನು ಗೆದ್ದುದನ್ನು ಕಂಡು ಸಂತೋಷವಾಯಿತು. ಇಂದಿನ ಬಹುಮಹಡಿ ಕಟ್ಟಡಗಳಲ್ಲಿ ಹೊಗೆಯ ಬದಲು ಬಿಸಿನೀರಿನ ಕೊಳವೆಗಳು ಬಂದಿವೆಯಾದರೂ, ಬೆಚ್ಚನೆಯ ನೆಲದ ಮೇಲೆ, ಪಾದರಕ್ಷೆಯನ್ನು ಹೊಸ್ತಿಲಾಚೆ ಬಿಟ್ಟು ಕುಳ್ಳಿರುವ ಪದ್ಧತಿಯು ಎಲ್ಲಿಯೂ ತಪ್ಪಿಲ್ಲ.

ಆ ವಾರ ಕೇರಿಯಲ್ಲಿ ಕಿಮ್‌ಜಾಂಗ್, ಎಂದರೆ ಚಳಿಗಾಲಕ್ಕೆ ಬೇಕಾಗುವಷ್ಟು ಕಿಮ್ಚಿಯನ್ನು ನೆರೆಹೊರೆಯವರು ಕೂಡಿ ಹಾಕುವ ಕಾಲ. ಉಪ್ಪಿನಲ್ಲಿ ನೆನೆದ ಎಲೆಕೋಸಿನ ಎಸಳೆಸಳಿನ ನಡುವೆ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಮೂಲಂಗಿ, ಹುದುಗಿಸಿದ ಮೀನುಗಳ ಮಸಾಲೆಯನ್ನು ಸವರುತ್ತ ಹತ್ತಾರು ಹೆಂಗಸರು ಅಂಗಳದಲ್ಲಿ ಕುಳಿತಿದ್ದರು. ಆ ಮೆಣಸಿನಕಾಯಿ ಅವರಿಗೂ ನಮಗೂ ಸಮಾನವಾಗಿ ಪರದೇಶಿ. ಅಮೆರಿಕಾ ಖಂಡದಿಂದ ಹೊರಟು, ಹದಿನಾರನೆಯ ಶತಮಾನದ ಸುಮಾರಿಗೆ ಎರಡು ನಾಡುಗಳಿಗೂ ಬಂದು ನೆಲಸಿ, ಈಗ ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡಿದೆ. ಹಿತ್ತಿಲ ಜಗುಲಿಯ ಮೇಲೆ ಕಂದುಬಣ್ಣದ ಹರವಿಗಳು ಸಾಲಾಗಿದ್ದುವು. ಸೂಕ್ಷ್ಮರಂಧ್ರಗಳುಳ್ಳ ಆ ಮಣ್ಣು ಗಾಳಿಯನ್ನು ಒಳಬಿಟ್ಟು, ನೀರನ್ನು ಹೊರಬಿಡದೆ, ಸೋಯಾ ಅವರೆಯ ಹಿಂಡಿಯನ್ನು ವರ್ಷಗಟ್ಟಲೆ ಹದವಾಗಿ ಹುದುಗಿಸುವುದು. ೨೦೧೩ರಲ್ಲಿ ಯುನೆಸ್ಕೊ ಸಂಸ್ಥೆಯು ಕಿಮ್‌ಜಾಂಗನ್ನು ಮಾನವಕುಲದ ಪರಂಪರೆಯೆಂದು ಪಟ್ಟಿಗೆ ಸೇರಿಸಿತು.

ಮನೆಯೊಡತಿಯ ಮಕ್ಕಳು ಸೋಲಿನಲ್ಲಿರುವರು. ಇಬ್ಬರೂ ಮದುವೆಯ ಮಾತೆತ್ತುವುದಿಲ್ಲ. ೨೦೨೩ರಲ್ಲಿ ಆ ದೇಶದ ಜನನಪ್ರಮಾಣವು ಸ್ತ್ರೀಯೊಬ್ಬಳಿಗೆ ೦.೭೨ಕ್ಕೆ ಇಳಿದು, ಜಗತ್ತಿನಲ್ಲಿಯೇ ಅತ್ಯಲ್ಪವೆನಿಸಿತು. ‘ಈ ಹರವಿಗಳನ್ನು ಮುಂದೆ ಯಾರು ನೋಡಿಕೊಳ್ಳುವರು, ಅಮ್ಮಾ?’ ಎಂದು ವಿದ್ಯಾರ್ಥಿಯ ಮೂಲಕ ಕೇಳಿದೆನು. ‘ಕಲಿಯುವವರು ಬಂದಾಗ ಕಲಿಸುವವಳು ಇರಬೇಕಷ್ಟೆ, ಅದಕ್ಕಾಗಿ ಹಾಕುತ್ತಲೇ ಇದ್ದೇನೆ’ ಎಂದು ಆಕೆ ಕೈಯ ಕೆಲಸವನ್ನು ನಿಲ್ಲಿಸದೆಯೇ ಉತ್ತರಿಸಿದಳು.

ಅಲ್ಲಿಂದ ಸಿಲ್ಲಾ ಅರಸರ ಪುರಾತನ ರಾಜಧಾನಿಯಾದ ಗ್ಯೊಂಗ್ಜುವಿಗೆ ಬಂದೆನು. ಬುಲ್‌ಗುಕ್ಸಾ ವಿಹಾರದ ಮೇಲ್ಗಡೆ, ಬೆಟ್ಟದ ನೆತ್ತಿಯ ಹತ್ತಿರ, ಎಂಟನೆಯ ಶತಮಾನದಲ್ಲಿ ಮಂತ್ರಿ ಕಿಮ್ ದೇಸೊಂಗನು ಗ್ರಾನೈಟು ಶಿಲೆಗಳನ್ನು ಜೋಡಿಸಿ ಕಟ್ಟಿಸಿದ ಸೊಕ್ಕುರಾಮ್ ಗುಹಾಲಯವಿದೆ. ವೃತ್ತಾಕಾರದ ಗರ್ಭಗೃಹದಲ್ಲಿ, ಸುಮಾರು ಮೂರೂವರೆ ಮೀಟರು ಎತ್ತರದ ಬುದ್ಧನು ಬಲಗೈಯಿಂದ ಭೂಮಿಯನ್ನು ಸ್ಪರ್ಶಿಸುತ್ತ ಪೂರ್ವಸಮುದ್ರದ ಕಡೆಗೆ ಮುಖಮಾಡಿ ಕುಳಿತಿರುವನು. ಆ ಪ್ರಶಾಂತಿಯನ್ನು ವರ್ಣಿಸಲು ನಾನು ಶಕ್ತನಲ್ಲ. ಆದರೆ ನನ್ನ ಗಮನವನ್ನು ಸೆಳೆದುದು ಬೇರೊಂದು ಸಂಗತಿ: ಯಾತ್ರಿಕನಿಗೂ ಬುದ್ಧನಿಗೂ ನಡುವೆ ಗಾಜಿನ ಗೋಡೆಯಿದೆ; ಒಳಗಿನ ತೇವವನ್ನು ಯಂತ್ರದಿಂದ ನಿಯಂತ್ರಿಸುತ್ತಾರೆ. ೧೯೧೩ರಿಂದ ಮುಂದಿನ ವರ್ಷಗಳಲ್ಲಿ ಜಪಾನೀ ಅಧಿಕಾರಿಗಳು ಶಿಥಿಲವಾದ ಗುಹೆಯನ್ನು ಬಿಚ್ಚಿ ಮರಳಿ ಜೋಡಿಸುವಾಗ, ಗುಮ್ಮಟದ ಹೊರಗೆ ಸಿಮೆಂಟನ್ನು ಬಳಿದುಬಿಟ್ಟರು. ಶಿಲೆಯ ಉಸಿರು ಕಟ್ಟಿ, ಒಳಗೆ ನೀರು ಜಿನುಗತೊಡಗಿತು. ಸಿಮೆಂಟಿನ ಧೂಳಿನಲ್ಲೇ ಕಣ್ಣುಬಿಟ್ಟ ವಾಡಿ ಸೀಮೆಯವನಿಗೆ ಈ ಕಥೆ ಮರೆಯುವಂತಹುದಲ್ಲ. ಕಾಯಬೇಕೆಂಬ ಸದಿಚ್ಛೆಯಿದ್ದೂ ಕಲ್ಲಿನ ಸ್ವಭಾವವನ್ನು ಅರಿಯದಿದ್ದರೆ, ಸಾವಿರ ವರ್ಷಗಳ ಮಳೆಗಾಳಿ ಮಾಡದ ಹಾನಿಯನ್ನು ಒಂದೇ ದುರಸ್ತಿಯು ಮಾಡಬಲ್ಲುದು.

ಇದೇ ಸಿಲ್ಲಾ ರಾಜ್ಯದ ಹೇಚೋ ಎಂಬ ಭಿಕ್ಷುವು ಸೊಕ್ಕುರಾಮಿಗೆ ಒಂದು ತಲೆಮಾರು ಮೊದಲು ಭಾರತಕ್ಕೆ ಬಂದಿದ್ದನು. ಆತನ ಪ್ರವಾಸಗ್ರಂಥದ ಹರಿದುಳಿದ ಪ್ರತಿಯನ್ನು ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೊ ೧೯೦೮ರಲ್ಲಿ ಚೀನದ ದುನ್‌ಹುಆಂಗ್ ಗುಹೆಗಳಲ್ಲಿ ಕಂಡುಹಿಡಿದನು. ಮಧ್ಯದೇಶದಿಂದ ಮೂರು ತಿಂಗಳು ನಡೆದು ತಾನು ಸೇರಿದೆನೆಂದು ಆತನು ಹೇಳುವ ದಕ್ಷಿಣ ರಾಜ್ಯವನ್ನು ವಿದ್ವಾಂಸರು ಚಾಲುಕ್ಯರದೆಂದು ಗುರುತಿಸಿರುವರು. ಭಾರತೀಯರಲ್ಲಿ ಉಪ್ಪುಂಟು, ಹುದುಗಿಸಿದ ಹಿಂಡಿಯಿಲ್ಲ. ಮಣ್ಣಿನ ಗಡಿಗೆಗಳಲ್ಲಿಯೇ ಅಡಿಗೆ, ಕಬ್ಬಿಣದ ಪಾತ್ರೆಗಳಿಲ್ಲ ಎಂದು ಆತನು ಬರೆದಿಟ್ಟಿರುವನು. ಜೊಂಜುವಿನ ಹಿತ್ತಿಲಲ್ಲಿ ಹರವಿಗಳ ಸಾಲನ್ನು ಕಂಡವನಿಗೆ ಮಾತ್ರ ಈ ವಾಕ್ಯದ ಹಿಂದಿನ ಹಂಬಲ ತಿಳಿದೀತು. ದಕ್ಷಿಣದ ಹಾದಿಯಲ್ಲಿಯೇ ಆತನು ತನ್ನೂರನ್ನು ನೆನೆದು ಒಂದು ಕವಿತೆಯನ್ನು ರಚಿಸಿದನು. ಮರಳಿ ತನ್ನೂರನ್ನು ಕಾಣದೆ ಚೀನದಲ್ಲಿಯೇ ತೀರಿಕೊಂಡನು.

ಕೊನೆಯದಾಗಿ ಗಾಯಾ ಪರ್ವತದ ಹೇಯಿನ್ಸಾ ವಿಹಾರದಲ್ಲಿ ಯಾತ್ರಿಕರಿಗೆ ಮೀಸಲಾದ ವಸತಿಯಲ್ಲಿ ತಂಗಿದೆನು. ಸಂಜೆ ಚರ್ಮದ ಭೇರಿ, ಮರದ ಮೀನು, ಮೋಡದಾಕಾರದ ಕಂಚಿನ ತಗಡು, ಹಿರಿಯ ಘಂಟೆ, ಈ ನಾಲ್ಕು ವಾದ್ಯಗಳನ್ನು ಮೊಳಗಿಸಿ ಸಕಲಜೀವಿಗಳನ್ನು ಆಹ್ವಾನಿಸುತ್ತಾರೆ. ಊಟವಾದ ಮೇಲೆ ಭಿಕ್ಷುಗಳು ಬಟ್ಟಲನ್ನು ನೀರಿನಿಂದ ತೊಳೆದು ಆ ನೀರನ್ನು ಕುಡಿಯುವುದನ್ನು ನೋಡಿ ಜೊತೆಯ ಪ್ರವಾಸಿಗರು ಬೆರಗಾದರು. ಪ್ರಸಾದದ ಗಂಗಾಳವನ್ನು ಹಾಗೆಯೇ ತೊಳೆದು ಕುಡಿಯುವ ವೀರಶೈವ ಹಿರಿಯರ ನಡುವೆ ಬೆಳೆದ ನನಗೆ ಅದು ನನ್ನ ಮನೆಯ ಪಂಕ್ತಿಯಂತೆಯೇ ತೋರಿತು.

ಈ ವಿಹಾರದ ನಿಧಿಯೆಂದರೆ ಬೌದ್ಧರ ಧರ್ಮಗ್ರಂಥವಾದ ತ್ರಿಪಿಟಕದ ೮೧ ಸಾವಿರಕ್ಕೂ ಮಿಕ್ಕ ಮುದ್ರಣಫಲಕಗಳು. ಮಂಗೋಲರ ದಾಳಿಯಲ್ಲಿ ಮೊದಲ ಫಲಕಗಳು ಸುಟ್ಟುಹೋದಾಗ, ಆ ದಾಳಿ ಇನ್ನೂ ನಡೆಯುತ್ತಿರುವಂತೆಯೇ, ೧೨೩೬ರಿಂದ ೧೨೫೧ರವರೆಗೆ ಎಲ್ಲವನ್ನೂ ಮತ್ತೆ ಕೊರೆದರು. ಅವನ್ನಿರಿಸಿದ ಹದಿನೈದನೆಯ ಶತಮಾನದ ಭಂಡಾರದಲ್ಲಿ, ಮುಂದಣ ಗೋಡೆಗೆ ಕೆಳಗೆ ದೊಡ್ಡ ಕಿಟಕಿ, ಮೇಲೆ ಚಿಕ್ಕದು. ಹಿಂದಣ ಗೋಡೆಗೆ ಅದರ ತಿರುವುಮುರುವು. ಒಳಹೊಕ್ಕ ಗಾಳಿ ಫಲಕಗಳ ನಡುವೆ ಸುತ್ತಿ ಹೊರಹೋಗುವುದು. ನೆಲದಲ್ಲಿ ಇದ್ದಿಲು, ಉಪ್ಪು, ಸುಣ್ಣಗಳನ್ನು ತುಂಬಿರುವುದರಿಂದ ತೇವವು ಹೆಚ್ಚಲೂ ಒಲ್ಲದು, ಕುಗ್ಗಲೂ ಒಲ್ಲದು. ಕಳೆದ ಶತಮಾನದಲ್ಲಿ ಹೊಸ ರೀತಿಯ ಭಂಡಾರವೊಂದನ್ನು ಕಟ್ಟಿ, ಕೆಲವು ಫಲಕಗಳನ್ನು ಪರೀಕ್ಷೆಗೆ ಒಯ್ದಿಟ್ಟಾಗ ಅವು ಕೆಡತೊಡಗಿದ್ದರಿಂದ, ಮರಳಿ ಹಳೆಯ ಕಟ್ಟಡಕ್ಕೇ ತಂದರು. ೧೯೫೧ರಲ್ಲಿ ಗೆರಿಲ್ಲಾಗಳು ಅಡಗಿರುವರೆಂದು ಈ ಪ್ರದೇಶದ ಮೇಲೆ ಬಾಂಬು ಹಾಕಲು ಆಜ್ಞೆಯಾದಾಗ, ಕಿಮ್ ಯೊಂಗ್‌ಹ್ವಾನ್ ಎಂಬ ವಾಯುಸೇನೆಯ ಅಧಿಕಾರಿಯು ಅದನ್ನು ಪಾಲಿಸದೆ ತನ್ನ ವಿಮಾನಗಳನ್ನು ತಿರುಗಿಸಿದನು.

ಕೊರಿಯದವರು ನಮಗಿಂತ ಪ್ರಾಚೀನರೆಂದಾಗಲಿ ಶ್ರದ್ಧಾವಂತರೆಂದಾಗಲಿ ನಾನು ಹೇಳಲಾರೆ. ಹೊಗೆ, ಗಾಳಿ, ತೇವಗಳಿಗೆ ದಾರಿ ಬಿಡುವುದನ್ನು ಬಲ್ಲ ಕೈಗಳನ್ನು ಅವರು ಉಳಿಸಿಕೊಂಡಿರುವರು. ಮರೆತಾಗ ಪೆಟ್ಟುತಿಂದು ಮತ್ತೆ ಕಲಿತಿರುವರು. ಇತ್ತ ನಮ್ಮ ಚಿತಾಪುರ ತಾಲೂಕಿನ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳೀಗುಡಿಯ ಚಾವಣಿ ೧೯೮೬ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ದೊರೆಯಿತು. ಪಕ್ಕದ ಕನಗನಹಳ್ಳಿಯ ಮಹಾಸ್ತೂಪದಲ್ಲಿ, ಬ್ರಾಹ್ಮೀಲಿಪಿಯಲ್ಲಿ ಹೆಸರನ್ನು ಕೊರೆದ ಅಶೋಕನ ಶಿಲ್ಪವೇ ಕಾಣಿಸಿತು. ಉತ್ಖನನ ಮುಗಿದು ಎರಡು ದಶಕಗಳ ಕಾಲ ಆ ಶಿಲಾಫಲಕಗಳು ಬಯಲಲ್ಲಿ ಬಿಸಿಲುಂಡವು. ೨೦೨೨ರಲ್ಲಿ ಪುನರುದ್ಧಾರದ ಕಾರ್ಯವು ಆರಂಭವಾಯಿತು. ಆ ಸ್ತೂಪದ ಕಲ್ಲು ನಮ್ಮ ಸೀಮೆಯ ಸುಣ್ಣಶಿಲೆಯೇ. ಅದರ ಪದರು ಎಲ್ಲಿ ಬಿಚ್ಚುವುದು, ಮಳೆಗೆ ಹೇಗೆ ಮಾಗುವುದು ಎಂಬುದನ್ನು ಶಹಾಬಾದದ ಗಣಿಗಳ ಮುದುಕ ಕಲ್ಲುಕುಟಿಗನು ಬೆರಳಿನಿಂದ ತಟ್ಟಿಯೇ ಹೇಳಬಲ್ಲನು. ಕೆಲಸವನ್ನು ನಡೆಸುವವರು ಅಂಥವರನ್ನು ಕರೆದು ಅವರ ಮಾತನ್ನು ಕೇಳಲಿ. ಕೂಲಿಯನ್ನಲ್ಲದೆ ಮರ್ಯಾದೆಯನ್ನೂ ಕೊಡಲಿ. ಗ್ಯೊಂಗ್ಜುವಿನವರೆಗೆ ಹೋಗಲು ಅನುಕೂಲವಿಲ್ಲದ ವಾಚಕರು ನಾಲವಾರದ ನಿಲ್ದಾಣದಲ್ಲಿ ಇಳಿಯಲಿ; ಅಲ್ಲಿಂದ ಸನ್ನತಿಗೆ ಸುಮಾರು ೨೦ ಕಿಲೋಮೀಟರು.