ಚೀಟಿಯ ಹಿಂಬದಿ

"ಲೈಬ್ರರಿ ಅಕ್ಕೋರು ಹೋಗ್ಬಿಟ್ರು ಕಣೋ" ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ಹಿಂದಿನಿಂದ ಹೆಂಚಿನ ಮೇಲೆ ಸುರಿಯುವ ಆಷಾಢದ ಮಳೆ ಕೇಳುತ್ತಿತ್ತು. ಅಕ್ಕೋರು ನೆನಪಾದರೆ ನನಗೆ ಮೊದಲು ಕೇಳುವುದೂ ಮಳೆಯ ಸದ್ದೇ.

ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಜೂನಿಗೆ ಹಿಡಿದ ಮಳೆ ಬೇಗ ಬಿಡುವುದಿಲ್ಲ. ಗೋಡೆ ಬೆವರುತ್ತದೆ, ಪುಸ್ತಕದ ರಟ್ಟಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಅಕ್ಕೋರು ಬೆಳಿಗ್ಗೆ ಬಾಗಿಲು ತೆಗೆದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿನಕ್ಕೊಂದು ಕಪಾಟು ಖಾಲಿ ಮಾಡಿ ಒಣಬಟ್ಟೆಯಲ್ಲಿ ಒರೆಸುತ್ತಿದ್ದರು. ಬೆನ್ನು ಕಿತ್ತ ಪುಸ್ತಕಕ್ಕೆ ಮೈದಾ ಅಂಟು. ಹುಳ ಬೀಳದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ. ಆ ನೀಲಿ ಮಳೆಗಾಲ ಮುಗಿಯುವ ತನಕ ಅವರ ಉಗುರಿನ ಅಂಚಿನಲ್ಲಿ ಇದ್ದೇ ಇರುತ್ತಿತ್ತು. ಊರವರೆಲ್ಲ ಅಂಗಳದಲ್ಲಿ ಅಡಿಕೆ ಹರವುವ ಹೊತ್ತಿಗೆ ಅವರು ಜಗಲಿಯ ನೆರಳಿನಲ್ಲಿ ಪುಸ್ತಕ ಹರವುತ್ತಿದ್ದರು.

ಪ್ರತಿ ಆಗಸ್ಟ್ 12ಕ್ಕೆ, ಗ್ರಂಥಪಾಲಕರ ದಿನದಂದು, ಎಸ್.ಆರ್. ರಂಗನಾಥನ್ ಅವರ ಫೋಟೋಗೆ ಒಂದು ದಾಸವಾಳ ಇಡುತ್ತಿದ್ದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದು, ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ತೀರಿಕೊಂಡವರು ಅವರು. ಒಬ್ಬೊಬ್ಬ ಓದುಗನಿಗೂ ಅವನದೇ ಪುಸ್ತಕ ಸಿಗಬೇಕು ಎಂಬುದು ಆ ಸೂತ್ರಗಳಲ್ಲಿ ಒಂದು. 1965ರ ಕಾಯ್ದೆಯಿಂದ ನಮಗೆ ಸಾರ್ವಜನಿಕ ಗ್ರಂಥಾಲಯಗಳು ಬಂದವು. ಮನೆ ತೆರಿಗೆಯ ಮೇಲೆ ನಾವು ಈಗಲೂ ಶೇಕಡ 6 ಗ್ರಂಥಾಲಯ ಕರ ಕಟ್ಟುತ್ತೇವೆ. ಕಟ್ಟಡ, ಕಪಾಟು, ಪತ್ರಿಕೆ ಎಲ್ಲ ಆ ದುಡ್ಡಿನಲ್ಲಿ ಬರುತ್ತವೆ. ಅಕ್ಕೋರಂಥವರು ಬರುವುದು ಊರಿನ ಪುಣ್ಯದಿಂದ.

ಆಗ ನಮ್ಮ ಕಡೆಯ ಹೆಂಗಸರು ಲೈಬ್ರರಿ ಮೆಟ್ಟಿಲು ಹತ್ತುತ್ತಿದ್ದುದು ಕಡಿಮೆ. ಮಕ್ಕಳ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು. ಯಾವ ಮನೆಯಾಕೆ ಯಾವುದನ್ನು ಓದಿಯಾಗಿದೆ, ಯಾರಿಗೆ ಕಣ್ಣು ಮಂಜು, ಯಾರಿಗೆ ದಪ್ಪಕ್ಷರವೇ ಆಗಬೇಕು, ಎಲ್ಲ ಅಕ್ಕೋರಿಗೆ ಬಾಯಿಪಾಠ. ಹೊಸ 'ಸುಧಾ' ಬಂದರೆ ಮೊದಲು ತಾವು ಓದಿದವರಲ್ಲ. ಬಸ್‌ಸ್ಟ್ಯಾಂಡಿನ ಹಮಾಲಿಯೊಬ್ಬರು ಮಧ್ಯಾಹ್ನ ಬಂದು ಧಾರಾವಾಹಿ ಓದುತ್ತಿದ್ದರು. ಅವರಿಗಾಗಿ ಅದನ್ನು ಮೇಜಿನ ಖಾನೆಯಲ್ಲಿ ಎತ್ತಿಟ್ಟಿರುತ್ತಿದ್ದರು.

1993ರಲ್ಲಿ ಅಪ್ಪ ತೀರಿಕೊಂಡರು. ಅದಾಗಿ ತಿಂಗಳಿಗೆ ಅಮ್ಮ ಚೀಟಿ ಬರೆದು ಕೊಟ್ಟಳು: ತ್ರಿವೇಣಿಯವರ 'ಶರಪಂಜರ'. ಅಕ್ಕೋರು ಚೀಟಿ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಅದು ಹೊರಗೆ ಹೋಗಿದೆ ಮರೀ" ಎಂದರು. ಅವರ ಬೆನ್ನ ಹಿಂದಿನ ಕಪಾಟಿನಲ್ಲೇ 'ಶರಪಂಜರ' ಇತ್ತು. ಹೆಸರನ್ನು ನಾನು ಕಣ್ಣಾರೆ ಓದಿದೆ. ಹತ್ತು ವರ್ಷದವನಿಗೆ ಬಾಯಿ ಬರಲಿಲ್ಲ. ಚೀಟಿಯ ಹಿಂದೆ ಏನೋ ಗೀಚಿ ಪುಸ್ತಕದೊಳಗಿಟ್ಟು ಕೊಟ್ಟರು. ಆ ಪುಸ್ತಕ ತೇಜಸ್ವಿಯವರ 'ಪರಿಸರದ ಕತೆ'. ಆಮೇಲೆ ಗೊರೂರು, ಟಿ. ಸುನಂದಮ್ಮ, ಬರೀ ನಗಿಸುವವರೇ. ಒಂದು ರಾತ್ರಿ ತೇಜಸ್ವಿಯವರ ನಾಯಿ 'ಕಿವಿ'ಯ ಪ್ರಸಂಗ ಓದುತ್ತಾ ಅಡುಗೆಮನೆಯಲ್ಲಿ ಅಮ್ಮ ನಕ್ಕಿದ್ದು ಕೇಳಿ ನಾನು ಹಾಸಿಗೆಯಲ್ಲಿ ಎದ್ದು ಕೂತಿದ್ದೆ.

ಆದರೂ ಅಕ್ಕೋರು ಸುಳ್ಳು ಹೇಳಿದರಲ್ಲ ಎಂಬುದು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಮೊನ್ನೆ ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ.

"ಗೊತ್ತಿತ್ತು" ಎಂದಳು ಅಮ್ಮ. "ಚೀಟಿ ಹಿಂದೆ ಬರೆದಿದ್ರಲ್ಲ, ಇದನ್ನ ಮುಂದಿನ ವರ್ಷ ಕೊಡ್ತೀನಿ ಅಂತ."

"ಕೊಟ್ರಾ?"

"ಕೊಡದೆ? ಅಪ್ಪನ ವರ್ಷಾಂತ ಮುಗಿದ ವಾರ ನೀನೇ ತಂದುಕೊಟ್ಟೆ. ನಾನು ಕೇಳೂ ಇರ್ಲಿಲ್ಲ."