ಬ್ರೇಕು ಯಾರ ಕೈಯಲ್ಲಿ?

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್. ಅಲ್ಲಿನ ಮುಖ್ಯ ರೈಲು ನಿಲ್ದಾಣದಿಂದ ಹೊರಬಂದು ರಸ್ತೆ ದಾಟಿದರೆ ಟಿವೊಲಿ ಉದ್ಯಾನ. 1843ರಲ್ಲಿ ದೊರೆಯ ಅಪ್ಪಣೆ ಪಡೆದು ಕಾರ್ಸ್ಟೆನ್ಸನ್ ಎಂಬಾತ ತೆರೆದ ವಿಹಾರಸ್ಥಳವಿದು. ಮಕ್ಕಳ ಕಥೆಗಳ ಆಂಡರ್ಸನ್ ಕೂಡ ಇಲ್ಲಿ ಅಡ್ಡಾಡಿದವನೇ. ಹೂವಿನ ಪಾತಿ, ಕೊಳ, ಸಂಜೆಯ ಸಾಲು ದೀಪ ಎಲ್ಲವೂ ಇವೆ. ಇವುಗಳ ನಡುವೆಯೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಎರಡು ರೋಲರ್ ಕೋಸ್ಟರ್‌ಗಳಿವೆ. ಒಂದು 1914ರದ್ದು, ಇನ್ನೊಂದು 2004ರದ್ದು. ಮಗುವನ್ನು ಬಂಡಿ ಹತ್ತಿಸಿ ಕೆಳಗೆ ನಿಂತ ಅಪ್ಪ ಅಮ್ಮನ ಎದೆಯಲ್ಲಿ ಏಳುವ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ: ಇದನ್ನು ನಿಲ್ಲಿಸುವವರು ಯಾರು?

ಹಳೆಯದರ ಹೆಸರು ರುಟ್ಶೆಬಾನೆನ್. ಪೂರಾ ಮರದ ಕಟ್ಟು. ಇಲ್ಲಿ ಪ್ರಶ್ನೆಗೆ ಉತ್ತರ ಕಣ್ಣೆದುರೇ ಕುಳಿತಿರುತ್ತದೆ. ಪ್ರತಿ ಬಂಡಿಯಲ್ಲೂ ಪ್ರಯಾಣಿಕರ ಜೊತೆಗೇ ಒಬ್ಬ ಬ್ರೇಕಿನವನು ಇರುತ್ತಾನೆ. ಇಳಿಜಾರಿನಲ್ಲಿ ಎಷ್ಟು ಬಿಡಬೇಕು, ತಿರುವಿಗೆ ಮುನ್ನ ಎಷ್ಟು ಹಿಡಿಯಬೇಕು ಎಂಬುದು ಅವನ ಕೈಯ ಲೆಕ್ಕ. ಮಳೆ ಬಂದು ಹಳಿ ಜಾರಿದರೆ, ಬಂಡಿಯಲ್ಲಿ ದಢೂತಿ ಆಳುಗಳೇ ತುಂಬಿದರೆ ಲೆಕ್ಕ ಬದಲು.

ಇದು ಶೋಕಿಗೆ ಇಟ್ಟುಕೊಂಡ ಪದ್ಧತಿ ಎಂದುಕೊಳ್ಳಬೇಡಿ. ಅಂದಿನ ಬಂಡಿಗಳಿಗೆ ಕೆಳಗೆ ಹಳಿಯ ಮೇಲೆ ಓಡುವ ಗಾಲಿಗಳು, ಪಕ್ಕಕ್ಕೆ ಜಾರದಂತೆ ಅಡ್ಡಗಾಲಿಗಳು, ಅಷ್ಟೇ. ಹಳಿಯನ್ನು ಅಡಿಯಿಂದ ಹಿಡಿಯುವ ಏರ್ಪಾಟಿಲ್ಲ. ದಿಬ್ಬದ ನೆತ್ತಿಯನ್ನು ಅತಿ ವೇಗದಲ್ಲಿ ದಾಟಿದರೆ ಬಂಡಿ ಹಳಿಯಿಂದ ಮೇಲೇಳುತ್ತದೆ. ಅದಕ್ಕೇ ಮನುಷ್ಯ ಬೇಕಾಯಿತು. 1919ರಲ್ಲಿ ಅಮೆರಿಕದ ಜಾನ್ ಮಿಲ್ಲರ್ ಹಳಿಯ ಕೆಳಗೂ ಒಂದು ಗಾಲಿ ಕೂರಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಮೇಲೆ, ಪಕ್ಕದಲ್ಲಿ, ಕೆಳಗೆ ಹೀಗೆ ಮೂರೂ ಕಡೆ ಗಾಲಿ ಕಚ್ಚಿಕೊಂಡ ಮೇಲೆ ಬಂಡಿ ತಲೆಕೆಳಗಾದರೂ ಹಳಿ ಬಿಡುವಂತಿಲ್ಲ.

ಅದರ ಫಲವೇ ಎರಡನೆಯದು, ‘ಡೆಮೊನೆನ್’, ಅಂದರೆ ರಾಕ್ಷಸ. ಉಕ್ಕಿನ ಹಳಿ, 28 ಮೀಟರ್ ಎತ್ತರ, ಗಂಟೆಗೆ ಸುಮಾರು 77 ಕಿಲೋಮೀಟರ್ ವೇಗ, ಮೂರು ಬಾರಿ ತಲೆಕೆಳಗು. ಬಂಡಿಗೆ ನೆಲಹಾಸಿಲ್ಲ, ಕಾಲುಗಳು ಗಾಳಿಯಲ್ಲಿ. ಬ್ರೇಕಿನವನೂ ಇಲ್ಲ.

ಇಂಥ ಬಂಡಿಗಳಲ್ಲಿ ಭುಜದ ಮೇಲಿಂದ ಇಳಿಯುವ ಸರಳು ಒಮ್ಮೆ ಕೆಳಬಂದರೆ ಹಲ್ಲುಚಕ್ರದ ಒಂದೊಂದೇ ಹಲ್ಲಿಗೆ ಸಿಕ್ಕಿ ನಿಲ್ಲುತ್ತದೆ. ಸೈಕಲ್ಲಿನ ಫ್ರೀವ್ಹೀಲ್ ಹಿಂದಕ್ಕೆ ತಿರುಗಿಸಿದಾಗ ಟಕಟಕ ಎನ್ನುವುದಿಲ್ಲವೇ, ಅದೇ ಸೂತ್ರ: ಒಂದು ಕಡೆಗೆ ದಾರಿ, ಇನ್ನೊಂದು ಕಡೆಗೆ ತಡೆ. ಬೀಗ ಒಂದಲ್ಲ, ಒಂದು ಕೈಕೊಟ್ಟರೆ ಹಿಡಿಯಲು ಇನ್ನೊಂದಿರುತ್ತದೆ. ಕರೆಂಟು ಹೋದರೆ ಬೀಗ ಬಿಡುವುದಿಲ್ಲ, ಸ್ಪ್ರಿಂಗಿನ ಬಲದಲ್ಲಿ ಕಚ್ಚಿಕೊಂಡೇ ಇರುತ್ತದೆ. ಬಿಡಿಸುವುದಕ್ಕೇ ಬಲ ಬೇಕು. ಬಾಗಿಲಲ್ಲಿ ಅಳತೆಗೋಲು ಹಿಡಿದು ಮಗುವನ್ನು ಹಿಂದೆ ಕಳಿಸುವ ನೌಕರನ ಮೇಲೆ ಪೋಷಕರು ಸಿಡುಕುವುದುಂಟು. ಸರಳು ಹಿಡಿಯಲಾರದಷ್ಟು ಪುಟ್ಟ ಮೈ ಅದರ ಸಂದಿಯಲ್ಲಿ ನುಸುಳಿಬಿಡುತ್ತದೆ. ಸಿಡುಕು ಬೇಡ.

ಬ್ರೇಕಿನ ಲೆಕ್ಕವೂ ಹೀಗೇ ತಿರುವುಮುರುವು. ನಮ್ಮ ರೈಲಿನಲ್ಲಿ ಸರಪಳಿ ಎಳೆದರೆ ಕೊಳವೆಯ ಗಾಳಿ ಸೋರಿ ಬ್ರೇಕು ಬೀಳುತ್ತದೆ. ಕೋಸ್ಟರ್‌ಗಳ ಗಾಳಿ ಬ್ರೇಕು ಕೂಡ ಗಾಳಿಯ ಒತ್ತಡ ಇರುವಷ್ಟು ಹೊತ್ತು ತೆರೆದಿದ್ದು, ಒತ್ತಡ ತಪ್ಪಿದ ಕೂಡಲೇ ಮುಚ್ಚಿಕೊಳ್ಳುವಂತೆ ಕಟ್ಟಿದ್ದು. ಕೆಲವೆಡೆ ಆಯಸ್ಕಾಂತದ ಬ್ರೇಕೂ ಇದೆ. ತಾಮ್ರದ ಕೊಳವೆಯಲ್ಲಿ ಬಲವಾದ ಆಯಸ್ಕಾಂತದ ತುಂಡು ಬಿಟ್ಟು ನೋಡಿ, ಮೆಲ್ಲಮೆಲ್ಲನೆ ಇಳಿಯುತ್ತದೆ. ಲೋಹದಲ್ಲಿ ಹುಟ್ಟುವ ಸುಳಿ ವಿದ್ಯುತ್ತು ಚಲನೆಯನ್ನು ತಡೆಯುತ್ತದೆ. ಇದಕ್ಕೆ ಕರೆಂಟೂ ಬೇಡ, ಉಜ್ಜಿ ಸವೆಯುವ ಭಾಗವೂ ಇಲ್ಲ. ಆದರೆ ವೇಗ ಇಳಿದಂತೆ ಹಿಡಿತವೂ ಇಳಿಯುವುದರಿಂದ ಪೂರ್ತಿ ನಿಲ್ಲಿಸಲು ಬೇರೆ ಬ್ರೇಕು ಬೇಕೇ ಬೇಕು.

ಇಷ್ಟರ ಮೇಲೆ ಹಳಿಯನ್ನು ರೈಲ್ವೆಯವರ ಹಾಗೆ ತುಂಡುತುಂಡಾಗಿ ಪಾಲು ಮಾಡಿರುತ್ತಾರೆ. ಒಂದು ಪಾಲಿನಲ್ಲಿ ಒಂದೇ ಬಂಡಿ. ಮುಂದಿನದು ಖಾಲಿಯಾಗದೆ ಹಿಂದಿನದನ್ನು ಕಂಪ್ಯೂಟರ್ ಬಿಡುವುದಿಲ್ಲ.

ಹಾಗಾದರೆ ಮನುಷ್ಯನ ಕೈಯಿಂದ ಬ್ರೇಕು ಪೂರ್ತಿ ತಪ್ಪಿತೇ? ಉತ್ತರಕ್ಕೆ ಟಿವೊಲಿ ಬಿಟ್ಟು ಇಂಗ್ಲೆಂಡಿನ ಆಲ್ಟನ್ ಟವರ್ಸ್‌ಗೆ ಹೋಗಬೇಕು. 2015ರ ಜೂನ್ 2ರಂದು ಅಲ್ಲಿನ ‘ಸ್ಮೈಲರ್’ ಕೋಸ್ಟರ್‌ನಲ್ಲಿ ಖಾಲಿ ಬಂಡಿಯೊಂದು ದಾರಿಯಲ್ಲೇ ನಿಂತುಬಿಟ್ಟಿತು. ಕಂಪ್ಯೂಟರ್ ಅದನ್ನು ಸರಿಯಾಗಿಯೇ ಕಂಡುಹಿಡಿದು, ಜನರಿದ್ದ ಹಿಂದಿನ ಬಂಡಿಯನ್ನು ತಡೆಹಿಡಿಯಿತು. ಸಿಬ್ಬಂದಿಗೆ ಆ ಖಾಲಿ ಬಂಡಿ ಕಾಣಲಿಲ್ಲ. ಯಂತ್ರವೇ ಸುಳ್ಳು ಹೇಳುತ್ತಿದೆ ಎಂದುಕೊಂಡು ತಡೆಯನ್ನು ತೆಗೆದುಬಿಟ್ಟರು. ಡಿಕ್ಕಿಯಲ್ಲಿ 16 ಮಂದಿಗೆ ಗಾಯ. ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಮರುವರ್ಷ ನ್ಯಾಯಾಲಯ ನಡೆಸುವ ಸಂಸ್ಥೆಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಸಿಬ್ಬಂದಿಗೆ ಸರಿಯಾದ ಕಾರ್ಯಕ್ರಮ ರೂಪಿಸಿಕೊಡದಿದ್ದುದೇ ದೊಡ್ಡ ತಪ್ಪೆಂದು ಅಲ್ಲಿ ತೀರ್ಮಾನವಾಯಿತು. ಬೀಗವೂ ಬ್ರೇಕೂ ಅಂದು ಸೋತಿರಲಿಲ್ಲ.

ಟಿವೊಲಿಯ ಮರದ ಬಂಡಿಯಲ್ಲಿ ಬ್ರೇಕಿನವನಿಗೆ ಈ ಗೊಂದಲವಿಲ್ಲ. ಎದುರಿನ ಹಳಿ ಅವನಿಗೆ ಕಾಣುತ್ತದೆ, ಏನಾದರೂ ಆದರೆ ಅವನೂ ಆ ಬಂಡಿಯಲ್ಲೇ ಇರುತ್ತಾನೆ.